ಗೋಡೆಗೆ ಕಪಾಟು ತೂಗಹಾಕುವ ಮುನ್ನ

(ಕೋಥರೂಡದಲ್ಲಿ ಸೇರಿದ್ದ ಸದಸ್ಯರ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಸಂಘದ ಕೂಟವೆಂದರೆ ಪಗಾರ, ಬೋನಸ್ಸು, ರಜೆ ಇವುಗಳ ಮಾತು ಬರುವುದು ವಾಡಿಕೆ. ಇಂದು ನಾವು ಎತ್ತಿಕೊಂಡಿರುವ ವಿಷಯ ಅವಕ್ಕಿಂತ ಸಣ್ಣದೆಂದು ತೋರಬಹುದು. ಅಡಿಗೆಮನೆಯ ಗೋಡೆಗೆ ಕಪಾಟನ್ನು ಭದ್ರವಾಗಿ ತೂಗಹಾಕುವುದು ಹೇಗೆ ಎಂಬುದೇ ಆ ವಿಷಯ. ಇದಕ್ಕೂ ಒಂದು ಭಾಷಣವೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕಂತಾಯಿತು. ನಗಲಿ. ಆದರೆ ನಮ್ಮಲ್ಲಿ ಹೆಚ್ಚಿನವರ ಸಂಸಾರ ಒಂದು ಖೋಲಿಯದು, ಬಹಳವಾದರೆ ಒಂದೂವರೆ ಖೋಲಿಯದು. ಹಗಲು ಅಡಿಗೆಮನೆಯಾದದ್ದೇ ರಾತ್ರಿ ಮಲಗುವ ಮನೆ. ಒಲೆಕಟ್ಟೆಯ ಪಕ್ಕದಲ್ಲಿಯೇ ಚಾಪೆ ಹಾಸಿ ಮಕ್ಕಳನ್ನು ಮಲಗಿಸುತ್ತೇವೆ. ಆ ಮಕ್ಕಳ ತಲೆಯ ಮೇಲೆ ಏನು ತೂಗುತ್ತಿದೆ, ಯಾವುದರ ಆಧಾರದಿಂದ ತೂಗುತ್ತಿದೆ ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಕೈಯಿಟ್ಟು ನೋಡಿದ್ದೇವೆ?

ಊರಿನಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ವಿಜಾಪುರ, ಕಲಬುರ್ಗಿಯ ಕಡೆಯ ಹಳೆಯ ಮನೆಗಳಲ್ಲಿ ಗೋಡೆ ಒಂದೂವರೆ ಎರಡು ಮೊಳ ದಪ್ಪ. ಕಟ್ಟುವಾಗಲೇ ಅದರಲ್ಲಿ ಮಾಡ ಬಿಟ್ಟು, ಫಡತಾಳ ಬಿಟ್ಟು ಕಟ್ಟುತ್ತಿದ್ದರು. ಸಾಮಾನಿನ ಭಾರವೆಲ್ಲ ಗೋಡೆಯ ಹೊಟ್ಟೆಯೊಳಗೆ ಕುಳಿತಿರುತ್ತಿತ್ತು. ಕುಂದಾಪುರ, ಉಡುಪಿಯ ಕಡೆ ಮಾಡಿನ ತೊಲೆಯಿಂದ ಸಿಕ್ಕವನ್ನು ಇಳಿಬಿಟ್ಟು ಹಾಲು ಮೊಸರಿನ ಗಡಿಗೆಯನ್ನು ಅದರಲ್ಲಿಡುತ್ತಿದ್ದರು. ದೊಡ್ಡ ಪಾತ್ರೆಗಳಿಗೆ ಅಟ್ಟವಿತ್ತು, ನಾಗಂದಿಗೆಯಿತ್ತು. ಎಲ್ಲಿಯೂ ಭಾರವನ್ನು ಗೋಡೆಯ ಮುಖಕ್ಕೆ ಅಂಟಿಸುವ ಪದ್ಧತಿ ಇರಲಿಲ್ಲ. ಆ ಪದ್ಧತಿಯನ್ನು ನಾವು ಕಲಿತದ್ದು ಇಲ್ಲಿಗೆ ಬಂದಮೇಲೆ. ಮರಾಠಿ ನೆರೆಯವರ ಮನೆಯಲ್ಲಿ ಥಳಥಳಿಸುವ ಸ್ಟೀಲಿನ ಮಾಂಡಣಿಯನ್ನು ಕಂಡೆವು. ತಾಟು, ವಾಟಿ, ಲೋಟ, ಡಬ್ಬಿಗಳೆಲ್ಲ ಕಣ್ಣೆದುರಿಗೆ ಸಾಲಾಗಿ ನಿಂತಿರುವುದು ಅಂದವಾಗಿ ಕಂಡಿತು. ನಮ್ಮ ಮನೆಗೂ ಒಂದು ಬಂತು. ಮಗನಿಗೆ ನೌಕರಿಯಾದ ಮನೆಗಳಲ್ಲಿ ಮಾಂಡಣಿಯ ಬದಲು ಬಾಗಿಲುಳ್ಳ ಪ್ಲೈವುಡ್ಡಿನ ಕಪಾಟು ಬಂದಿದೆ. ಒಳ್ಳೆಯದೇ. ನೆಲದ ಮೇಲೆ ಜಾಗವಿಲ್ಲದವನು ಗೋಡೆಯನ್ನಲ್ಲದೆ ಇನ್ನೇನನ್ನು ಬಳಸಬೇಕು?

ಕೋಥರೂಡವು ಹೆಸರಿಗೆ ಒಂದೇ ಊರಾದರೂ ಇಲ್ಲಿಯ ಗೋಡೆಗಳು ಒಂದೇ ಜಾತಿಯವಲ್ಲ. ಇದು ಮೊದಲು ಪುಣೆಯ ಪಶ್ಚಿಮಕ್ಕಿದ್ದ ಒಂದು ಹಳ್ಳಿ. ಇಲ್ಲಿಯ ಮೃತ್ಯುಂಜಯೇಶ್ವರ ದೇವಸ್ಥಾನ ಪೇಶ್ವೆಯವರ ಕಾಲದ್ದು. ಹಳೆಯ ಗಾವಠಾಣದಲ್ಲಿ ಉಳಿದುಕೊಂಡಿರುವ ಮನೆಗಳದು ಕರಿಕಲ್ಲು ಮತ್ತು ಮಣ್ಣಿನ ಗೋಡೆ. 1962ರಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ ಕಮಿನ್ಸ್‌ನಂಥ ಕಾರಖಾನೆಗಳು ಈ ಭಾಗಕ್ಕೆ ಬಂದಮೇಲೆ ಪೌಡ ರಸ್ತೆ, ಕರ್ವೆ ರಸ್ತೆಗಳ ಗುಂಟ ಮನೆಗಳೆದ್ದವು. ಡಹಾಣೂಕರ ಕಾಲನಿ, ಮಯೂರ ಕಾಲನಿ, ಭುಸಾರಿ ಕಾಲನಿಗಳ ಕಡೆಯ ಕಟ್ಟಡಗಳಲ್ಲಿ ಕಾಂಕ್ರೀಟಿನ ಕಂಬ ತೊಲೆಗಳು ಭಾರವನ್ನೆಲ್ಲ ಹೊರುತ್ತವೆ. ನಡುವಿನ ಆರಿಂಚು, ನಾಲ್ಕಿಂಚಿನ ಇಟ್ಟಿಗೆ ಗೋಡೆ ಬರಿಯ ಮರೆ. ಗುಡ್ಡದ ಇಳಿಜಾರಿನ ಸುತಾರದರಾ, ಕಿಷ್ಕಿಂಧಾ ನಗರ, ಜಯಭವಾನಿ ನಗರಗಳಂಥ ವಸತಿಗಳಲ್ಲಿ ದುಡಿಯುವ ಜನ ತಾವೇ ಕಟ್ಟಿಕೊಂಡ ಖೋಲಿಗಳಿವೆ; ಅಲ್ಲಿ ಅರ್ಧ ಇಟ್ಟಿಗೆಯ ಗೋಡೆಯೇ ಹೆಚ್ಚು, ಆಚೆಯ ಮನೆಗೂ ಅದೇ ಗೋಡೆ. (ಸುತಾರದರಾ ಎಂಬ ಹೆಸರಿನಲ್ಲಿಯೇ ಸುತಾರನಿದ್ದರೂ ಬೇಕಾದಾಗ ಒಬ್ಬ ಬಡಗಿ ಸಿಗುವುದಿಲ್ಲವೆಂದು ಅಲ್ಲಿಯ ಗೆಳೆಯರ ದೂರು.) ಇತ್ತೀಚಿನ ಎತ್ತರದ ಕಟ್ಟಡಗಳಲ್ಲಿ ಇಟ್ಟಿಗೆಯೂ ಇಲ್ಲ, ಬ್ರೆಡ್ಡಿನ ಹಾಗೆ ಒಳಗೆಲ್ಲ ಗಾಳಿಯ ಗುಳ್ಳೆ ತುಂಬಿದ ಹಗುರ ಸಿಮೆಂಟು ಬ್ಲಾಕು. ಸ್ವೀಡನ್ ದೇಶದ ಈ ವಿದ್ಯೆಯನ್ನು 1970ರ ದಶಕದಲ್ಲಿ ಪುಣೆಗೆ ತಂದವರು ಶಿರ್ಕೆ ಕಂಪನಿಯವರು. ಆದ್ದರಿಂದಲೇ ಇಲ್ಲಿಯ ಗವಂಡಿಗಳು ಯಾವ ಕಂಪನಿಯ ಹಗುರ ಬ್ಲಾಕನ್ನು ಕಂಡರೂ ಸಿಪೊರೆಕ್ಸ್ ಎಂದೇ ಕರೆಯುತ್ತಾರೆ.

ಈ ಎಲ್ಲ ಗೋಡೆಗಳ ಮೇಲೂ ಗಿಲಾವು ಒಂದೇ, ಸುಣ್ಣ ಬಣ್ಣವೂ ಒಂದೇ. ಕಣ್ಣಿಗೆ ಭೇದ ಕಾಣುವುದಿಲ್ಲ. ಅಂಗಡಿಯಿಂದ ಬಂದ ಹುಡುಗ ಹತ್ತು ನಿಮಿಷದಲ್ಲಿ ನಾಲ್ಕು ತೂತು ಕೊರೆದು, ನಾಲ್ಕು ಪ್ಲಾಸ್ಟಿಕ್ ಗಿಟ್ಟಿ ತುರುಕಿ, ಸ್ಕ್ರೂ ತಿರುಗಿಸಿ, ಚಹಾ ಕುಡಿದು ಹೋಗುತ್ತಾನೆ. ಗೋಡೆ ಯಾವುದೆಂದು ಅವನೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಹೀಗೆ ಹಾಕಿದ ಒಂದು ಮಾಂಡಣಿ ಕಳಚಿ ಬಿದ್ದ ಖೋಲಿಯೊಂದನ್ನು ನಾವು ಹೋಗಿ ನೋಡಿದೆವು. ದೇವರ ದಯೆ, ಆ ಹೊತ್ತಿಗೆ ಮನೆಯಾಕೆ ನೀರು ಹಿಡಿಯಲು ಹೊರಗೆ ಹೋಗಿದ್ದರು, ಮಕ್ಕಳು ಶಾಲೆಯಲ್ಲಿದ್ದರು. ತಾಟುಗಳೆಲ್ಲ ಒಲೆಯ ಮೇಲೆ ಬಿದ್ದು ಗ್ಯಾಸಿನ ನಳಿಗೆ ಒಂದು ಕಡೆ ಜಜ್ಜಿತ್ತು. ಗೋಡೆಯಲ್ಲಿ ನಾಲ್ಕು ತೂತುಗಳ ಸುತ್ತಲೂ ಗಿಲಾವು ರೊಟ್ಟಿಯ ಚೂರಿನಂತೆ ಕಿತ್ತು ಬಂದಿತ್ತು. ಒಳಗಿನ ಇಟ್ಟಿಗೆಗೆ ಒಂದು ಗೀರೂ ಬಿದ್ದಿರಲಿಲ್ಲ. ಮುಕ್ಕಾಲು ಅಂಗುಲದ ಗಿಲಾವನ್ನು ನಂಬಿ ಮೂವತ್ತು ಕಿಲೋ ಪಾತ್ರೆ ಎರಡು ವರ್ಷ ನಿಂತಿತ್ತು. ಗೋಡೆ ಕೈಕೊಟ್ಟಿತೆಂದು ನೆರೆಯವರೆಲ್ಲ ಹೇಳುತ್ತಿದ್ದರು. ಗೋಡೆಯನ್ನು ಯಾರೂ ಮುಟ್ಟಿಯೇ ಇರಲಿಲ್ಲ!

ಮೊದಲು ಭಾರದ ಲೆಕ್ಕವನ್ನು ನೋಡೋಣ. ಮೂರಡಿ ಅಗಲ, ಎರಡಡಿ ಎತ್ತರ, ಒಂದಡಿ ಆಳದ ಪ್ಲೈವುಡ್ಡಿನ ಕಪಾಟು ಬರಿದಾಗಿಯೇ 22ರಿಂದ 25 ಕಿಲೋ ತೂಗುತ್ತದೆ. ಅದರಲ್ಲಿ ಅಕ್ಕಿ, ಜೋಳದ ಹಿಟ್ಟು, ಬೇಳೆ, ಎಣ್ಣೆ ಡಬ್ಬ, ಕುಕ್ಕರು, ಸ್ಟೀಲು ಪಾತ್ರೆ ತುಂಬಿದರೆ ಇನ್ನೂ 50 ಕಿಲೋ ಏರುವುದು ಕಷ್ಟವಲ್ಲ. ಒಟ್ಟು 75 ಕಿಲೋ. ಎಂದರೆ ಆಳೊಬ್ಬನನ್ನು ಹಗಲು ರಾತ್ರಿ ಗೋಡೆಗೆ ನೇತುಹಾಕಿದ ಹಾಗೆ.

ಈ ಭಾರ ಗೋಡೆಗೆ ಎರಡು ತರದ ಕಷ್ಟ ಕೊಡುತ್ತದೆ. ಒಂದು, ಕೆಳಕ್ಕೆ ಜಗ್ಗುವುದು. ಇನ್ನೊಂದು, ಮುಂದಕ್ಕೆ ಕೀಳುವುದು. ಹೋಟೆಲಿನ ಬಂಧುಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹತ್ತು ಕಪ್ಪು ಚಹಾದ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಎಷ್ಟು ಹೊತ್ತಾದರೂ ನಡೆಯಬಹುದು. ಅದೇ ತಟ್ಟೆಯನ್ನು ಕೈಚಾಚಿ ಹಿಡಿದರೆ ಒಂದು ನಿಮಿಷಕ್ಕೆ ಭುಜ ಸೋಲುತ್ತದೆ. ತಟ್ಟೆಯ ತೂಕ ಬದಲಾಗಲಿಲ್ಲ, ದೂರ ಬದಲಾಯಿತು. ಕಪಾಟಿನಲ್ಲಿಯೂ ಹಾಗೆಯೇ. ಸಾಮಾನಿನ ಭಾರ ಗೋಡೆಯಿಂದ ಸುಮಾರು ಆರಂಗುಲ ಮುಂದೆ ಕುಳಿತಿದೆ. ಆದ್ದರಿಂದ ಕಪಾಟಿನ ತಲೆ ಗೋಡೆಯನ್ನು ಬಿಟ್ಟು ಮುಂದಕ್ಕೆ ಬರಲು ನೋಡುತ್ತದೆ, ಬುಡ ಗೋಡೆಗೆ ಒತ್ತಿಕೊಳ್ಳುತ್ತದೆ. ಸ್ಕ್ರೂಗಳು ತಲೆಯ ಅಂಚಿನಲ್ಲಿಯೇ, ಬುಡದಿಂದ 24 ಅಂಗುಲ ಮೇಲೆ ಇದ್ದರೆ, ಕೀಳುವ ಬಲ ಒಟ್ಟು 19 ಕಿಲೋದಷ್ಟು. ಅದೇ ಸ್ಕ್ರೂಗಳನ್ನು ಬುಡದಿಂದ ಎಂಟಂಗುಲ ಎತ್ತರದಲ್ಲಿ ಹಾಕಿದರೆ ಆ ಬಲ ಮೂರು ಪಟ್ಟಾಗಿ 56 ಕಿಲೋ ಆಗುತ್ತದೆ. ಕಪಾಟು ಅದೇ, ಸಾಮಾನೂ ಅದೇ. ಆದ್ದರಿಂದ ಬಡಗಿಗೆ ಮೊದಲು ಹೇಳಬೇಕಾದ ಮಾತು: ಸ್ಕ್ರೂ ತಲೆಯ ಅಂಚಿನಲ್ಲಿರಲಿ. ಕೆಳಗೆ ಎರಡು ಹಾಕಿದರೆ ಅವು ಅಲುಗದಿರಲಿಕ್ಕೆ ಮಾತ್ರ.

ಇನ್ನು, 20 ಕಿಲೋದ ಮಗುವೊಂದು ತೆರೆದ ಬಾಗಿಲಿನ ತುದಿಗೆ ಜೋತುಬಿದ್ದು ಆಡಿದರೆ ಕೀಳುವ ಬಲಕ್ಕೆ ಇನ್ನೂ 25 ಕಿಲೋ ಸೇರುತ್ತದೆ. ಮಕ್ಕಳು ಜೋತುಬೀಳುತ್ತಾರೆ. ಬೇಡವೆಂದರೆ ಕೇಳುವವರು ಮಕ್ಕಳಾಗುವುದಿಲ್ಲ. ಲೆಕ್ಕ ಹಾಕುವಾಗ ಅವರನ್ನೂ ಸೇರಿಸಿಕೊಳ್ಳಬೇಕು.

ನಾಲ್ಕು ಸ್ಕ್ರೂಗೆ ಹಂಚಿದರೆ 19 ಕಿಲೋ ಎಷ್ಟಾಯಿತು? ತಲೆಗೆ ಐದು ಕಿಲೋ ಕೂಡ ಇಲ್ಲ. ಗಟ್ಟಿ ಇಟ್ಟಿಗೆಯೊಳಗೆ ಸರಿಯಾಗಿ ಕುಳಿತ 10 ಮಿಲಿಮೀಟರಿನ ಒಂದು ನೈಲಾನು ಗಿಟ್ಟಿ ಇದರ ಹಲವು ಪಟ್ಟನ್ನು ನಗುನಗುತ್ತ ಹಿಡಿಯುತ್ತದೆ. ಹಾಗಾದರೆ ಕಪಾಟುಗಳು ಬೀಳುವುದೇಕೆ? ಗಿಟ್ಟಿ ಇಟ್ಟಿಗೆಯಲ್ಲಿ ಇಲ್ಲದಿರುವುದರಿಂದ. ಅದು ಗಿಲಾವಿನಲ್ಲಿರುತ್ತದೆ, ಇಲ್ಲವೆ ಎರಡು ಇಟ್ಟಿಗೆಗಳ ನಡುವಿನ ಸಂದಿನಲ್ಲಿರುತ್ತದೆ, ಇಲ್ಲವೆ ಅಳ್ಳಕವಾದ ತೂತಿನಲ್ಲಿ ಸುಮ್ಮನೆ ಕುಳಿತಿರುತ್ತದೆ.

ಈ ಗಿಟ್ಟಿಯ ಕತೆ ನಮ್ಮ ಗಿರಣಿಯ ಹಿರಿಯರಿಗೆ ರುಚಿಸೀತು. 1911ರ ಸುಮಾರಿಗೆ ಲಂಡನ್ನಿನ ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರನಿಗೆ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆ ಕೆಡದಂತೆ ವಿದ್ಯುತ್ತಿನ ಸಾಮಾನು ಕೂರಿಸುವ ಕೆಲಸ ಬಂತು. ಅಲ್ಲಿಯವರೆಗೆ ಗೋಡೆಯನ್ನು ಒಡೆದು ಮರದ ಬೆಣೆ ಬಡಿಯುವುದೇ ರೂಢಿ. ರಾಲಿಂಗ್ಸ್ ಸೆಣಬಿನ ನಾರನ್ನು ಪ್ರಾಣಿಯ ರಕ್ತದಿಂದ ಅಂಟಿಸಿ ಸಣ್ಣ ನಳಿಗೆ ಮಾಡಿದ. ಅದೇ ರಾವಲ್ ಪ್ಲಗ್. ಬಂಗಾಲದ ಸೆಣಬು ನೂತವರಿಗೂ ನಮ್ಮ ಹತ್ತಿ ನೂತವರಿಗೂ ಗೊತ್ತಿರುವಂತೆ, ನಾರಿಗೆ ಹಿಗ್ಗಿ ಹಿಡಿಯುವ ಗುಣವಿದೆ. 1958ರಲ್ಲಿ ಜರ್ಮನಿಯ ಆರ್ತೂರ್ ಫಿಷರ್ ಎಂಬಾತ ನಾರಿನ ಬದಲು ನೈಲಾನು ತಂದ. ಗುಟ್ಟು ಮಾತ್ರ ಬದಲಾಗಿಲ್ಲ. ಸ್ಕ್ರೂ ಒಳಹೊಕ್ಕಂತೆ ಗಿಟ್ಟಿ ಹಿಗ್ಗಿ ತೂತಿನ ಪಕ್ಕೆಗಳನ್ನು ಒತ್ತುತ್ತದೆ; ಆ ಒತ್ತಡವೇ ಹಿಡಿತ. ಪಕ್ಕೆ ಗಟ್ಟಿಯಿಲ್ಲದಿದ್ದರೆ ಹಿಗ್ಗಿ ಏನು ಪ್ರಯೋಜನ?

ಆದುದರಿಂದ ಸ್ಕ್ರೂ ಕೊಳ್ಳುವ ಮೊದಲು ಗೋಡೆಯನ್ನು ಕೇಳಬೇಕು. ಕೇಳುವುದು ಹೀಗೆ. ಕಪಾಟು ಕೂತಮೇಲೆ ಮರೆಯಾಗುವ ಜಾಗದಲ್ಲಿ 5 ಅಥವಾ 6 ಮಿಲಿಮೀಟರಿನ ಸಣ್ಣ ಬಿಟ್ಟಿನಿಂದ ಒಂದು ಪರೀಕ್ಷೆಯ ತೂತು ಕೊರೆಯಿರಿ. ಯಂತ್ರದ ಬಡಿತವನ್ನು ನಿಲ್ಲಿಸಿ ಬರಿಯ ತಿರುಗಾಟದಿಂದಲೇ ಮೊದಲು ಕೊರೆಯಿರಿ. ತೂತಿನ ಕೆಳಗೆ ಒಂದು ಕಾಗದದ ಹಾಳೆಯನ್ನು ಮಡಿಸಿ ಗೋಡೆಗೆ ಅಂಟಿಸಿ, ಬೀಳುವ ಪುಡಿಯ ಬಣ್ಣವನ್ನು ನೋಡಿರಿ. ಮೊದಲು ಬರುವ ಬಿಳಿ ಅಥವಾ ಬೂದಿ ಪುಡಿ ಗಿಲಾವಿನದು. ಬಿಟ್ಟು ಎಷ್ಟು ಒಳಗೆ ಹೋದಾಗ ಬಣ್ಣ ಬದಲಾಯಿತೆಂದು ಗುರುತು ಮಾಡಿಕೊಳ್ಳಿರಿ. ಅಷ್ಟು ಗಿಲಾವಿನ ದಪ್ಪ. ನಂತರ ಕೆಂಪು ಪುಡಿ ಬಂದರೆ ಇಟ್ಟಿಗೆ, ನಿಶ್ಚಿಂತೆ. ಕೆಂಪು ಬಾರದೆ ಬೂದಿಯೇ ಮುಂದುವರಿದು, ಬಿಟ್ಟು ಬೆಣ್ಣೆಯಲ್ಲಿ ಹೋದಂತೆ ಜಾರಿದರೆ ಇಟ್ಟಿಗೆಯ ಸಂದಿನಲ್ಲಿದ್ದೀರಿ. ಎರಡಂಗುಲ ಮೇಲೆ ಅಥವಾ ಕೆಳಗೆ ಸರಿಯಿರಿ. ಬೂದಿ ಪುಡಿ ನುಣ್ಣಗೆ ಬಂದು, ಬಿಟ್ಟು ಮುಂದೆ ಹೋಗಲೊಲ್ಲದೆ ಕಿರುಚಿದರೆ ಕಾಂಕ್ರೀಟಿನ ಕಂಬವೋ ತೊಲೆಯೋ ಸಿಕ್ಕಿತು. ಬೆಳ್ಳಗಿನ ಹಗುರ ಪುಡಿ ರಾಶಿರಾಶಿಯಾಗಿ ಸುರಿದು, ಬಿಟ್ಟು ಸಲೀಸಾಗಿ ಹೋಗುತ್ತಲೇ ಇದ್ದರೆ ಅದು ಸಿಪೊರೆಕ್ಸ್ ಜಾತಿ. ಮಣ್ಣು ಹೆಂಟೆ ಹೆಂಟೆಯಾಗಿ ಉದುರಿದರೆ ಅಲ್ಲಿಗೇ ನಿಲ್ಲಿಸಿರಿ. ಆ ಗೋಡೆಯ ಮಾತು ಮುಂದೆ ಬರುತ್ತದೆ.

ಕೊರೆಯುವಾಗ ಕಣ್ಣಿಗೆ ಕನ್ನಡಕ, ಮೂಗು ಬಾಯಿಗೆ ಬಟ್ಟೆ ಇರಲಿ. ಹತ್ತಿಯ ಧೂಳು ಎದೆಯೊಳಗೆ ಇಳಿದು ಏನು ಮಾಡುತ್ತದೆಂದು ಗಿರಣಿಯವರು ತಮ್ಮ ಹಿರಿಯರಲ್ಲಿ ಕಂಡಿದ್ದಾರೆ. ಕಲ್ಲು ಸಿಮೆಂಟಿನ ಧೂಳು ಅದಕ್ಕಿಂತ ಸೌಮ್ಯವಲ್ಲ. ವಿದ್ಯುತ್ತಿನ ಗುಂಡಿ ಇರುವ ಕಡೆಯಿಂದ ನೇರ ಮೇಲಕ್ಕೂ ಕೆಳಕ್ಕೂ ಅಡ್ಡಕ್ಕೂ, ನಲ್ಲಿ ಇರುವ ಕಡೆಯಿಂದ ನೇರ ಮೇಲಕ್ಕೂ ಅಡ್ಡಕ್ಕೂ ಕೊರೆಯಲೇಬಾರದು. ತಂತಿ ಮತ್ತು ನೀರಿನ ಕೊಳವೆಗಳು ಸಾಮಾನ್ಯವಾಗಿ ಆ ದಾರಿಯಲ್ಲಿಯೇ ಗಿಲಾವಿನ ಒಳಗೆ ಓಡುತ್ತವೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಯಂತ್ರ ಹಿಡಿಯಬೇಡಿರಿ.

ಕೆಂಪು ಪುಡಿ ಬಂದ ಗೋಡೆಗೆ ಮುಂದಿನ ಕೆಲಸ ಸುಲಭ. ಗಿಟ್ಟಿ 10 ಮಿಲಿಮೀಟರಿನದಾದರೆ ಬಿಟ್ಟೂ 10 ಮಿಲಿಮೀಟರಿನದೇ; ಕೈ ಅಲ್ಲಾಡಿಸಿ ತೂತನ್ನು ಅಗಲ ಮಾಡಬಾರದು. ಗಿಲಾವನ್ನು ಬಿಟ್ಟು ಇಟ್ಟಿಗೆಯೊಳಗೆ ಎರಡಂಗುಲ ಹೋಗಬೇಕು. ಗಿಲಾವು ಮುಕ್ಕಾಲು ಅಂಗುಲವಿದ್ದರೆ ಒಟ್ಟು ಎರಡು ಮುಕ್ಕಾಲು. ಬಿಟ್ಟಿಗೆ ಅಷ್ಟು ದೂರದಲ್ಲಿ ಒಂದು ಚೂರು ಟೇಪು ಸುತ್ತಿಕೊಂಡರೆ ಅಳತೆ ತಪ್ಪದು. ಆಮೇಲೆ ತೂತಿನ ಧೂಳನ್ನು ತೆಗೆಯಬೇಕು. ಇದನ್ನು ಮಾಡುವವರು ನೂರಕ್ಕೆ ಒಬ್ಬರಿಲ್ಲ. ಧೂಳಿದ್ದರೆ ಗಿಟ್ಟಿ ಇಟ್ಟಿಗೆಯನ್ನು ಒತ್ತುವುದರ ಬದಲು ಹಿಟ್ಟನ್ನು ಒತ್ತುತ್ತದೆ. ಸೈಕಲ್ ಪಂಪಿನ ನಳಿಗೆಯನ್ನು ತೂತಿನೊಳಗಿಟ್ಟು ನಾಲ್ಕು ಸಲ ಒತ್ತಿದರೆ ಸಾಕು. ಗಿಟ್ಟಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಬೇಕು. ಅದು ಬೆರಳಿನಿಂದಲೇ ಸಲೀಸಾಗಿ ಒಳಗೆ ಹೋದರೆ ತೂತು ದೊಡ್ಡದಾಯಿತೆಂದು ತಿಳಿಯಿರಿ. ಆಗ ಬೆಂಕಿಕಡ್ಡಿ, ಕಾಗದ, ಚಿಂದಿ ತುರುಕಿ ಬಿಗಿ ಮಾಡುವ ಚಾಳಿ ನಮ್ಮಲ್ಲಿದೆ. ಅದು ಸ್ಕ್ರೂ ತಿರುಗಿಸುವವನ ಕೈಗೆ ಬಿಗಿ, ಕಪಾಟಿಗೆ ಅಲ್ಲ. ಮೂರಂಗುಲ ಪಕ್ಕಕ್ಕೆ ಹೊಸ ತೂತು ಹೊಡೆಯಿರಿ.

ಹಳೆಯ ಬಡಗಿಗಳ ಒಂದು ಉಪಾಯವನ್ನೂ ಹೇಳಬೇಕು. ಇಟ್ಟಿಗೆ ಮೆತ್ತಗಿದ್ದು ಗಿಟ್ಟಿ ನಿಲ್ಲದ ಕಡೆ ಅವರು ಉಳಿಯಿಂದ ಗೋಡೆಯಲ್ಲಿ ಗುಳಿ ತೆಗೆದು, ಒಳಗಿನ ಮುಖ ಅಗಲ, ಹೊರಗಿನ ಮುಖ ಕಿರಿದು ಇರುವಂತೆ ತಾಸಿದ ಸಾಗುವಾನಿಯ ತುಂಡನ್ನು ಸಿಮೆಂಟಿನಲ್ಲಿ ಹೂಳುತ್ತಿದ್ದರು. ಜಗ್ಗಿದಷ್ಟೂ ಅದು ಬಿಗಿಯಾಗುತ್ತದೆ. ಸಿಮೆಂಟು ಗಟ್ಟಿಯಾಗಲು ಒಂದು ವಾರ ಬಿಟ್ಟು ಸ್ಕ್ರೂ ಹಾಕಿದರೆ ಇಂದಿಗೂ ಇದು ಒಳ್ಳೆಯ ಕೆಲಸವೇ. ಗೆದ್ದಲಿರುವ ಗೋಡೆಯಲ್ಲಿ ಮಾತ್ರ ಬೇಡ.

ಕಾಂಕ್ರೀಟಿಗೆ ಉಕ್ಕಿನ ಹಿಗ್ಗುವ ಬೋಲ್ಟು ಸರಿ. ಅದನ್ನೇ ಇಟ್ಟಿಗೆಗೆ ಹಾಕಿದರೆ ಇಟ್ಟಿಗೆ ಸೀಳುತ್ತದೆ. ಸಿಪೊರೆಕ್ಸಿಗೆ ಹಾಕಿದರೆ ಅದು ಹಪ್ಪಳದಂತೆ ಪುಡಿಯಾಗುತ್ತದೆ. ಹಗುರ ಬ್ಲಾಕಿಗೆ ಉದ್ದನೆಯ ನೈಲಾನು ಗಿಟ್ಟಿ ಬೇಕು, ಇಲ್ಲವೆ ತೂತಿನೊಳಗೆ ಅಂಟು ತುಂಬಿ ಕೂರಿಸುವ ಕಂಬಿ ಬೇಕು. ಬಡಿತವಿಲ್ಲದೆ ಕೊರೆಯಬೇಕು. ದೊಡ್ಡ ಕಟ್ಟಡದ ಫ್ಲ್ಯಾಟಿಗೆ ಹೋದವರು ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಸಾಕು.

ಈಗ ಅರ್ಧ ಇಟ್ಟಿಗೆಯ ಗೋಡೆಗೆ ಬರೋಣ. ನಮ್ಮಲ್ಲಿ ಅನೇಕರಿಗೆ ಬೇಕಾದದ್ದು ಇದೇ. ನಾಲ್ಕೂವರೆ ಅಂಗುಲದ ಈ ಗೋಡೆಗೆ ದೊಡ್ಡ ಯಂತ್ರವನ್ನು ಬಡಿತದೊಡನೆ ಹಚ್ಚಿದರೆ ಇಟ್ಟಿಗೆಯೇ ಸಂದು ಬಿಟ್ಟು ಅಲುಗುತ್ತದೆ. ಎಷ್ಟೋ ಸಲ ಆಚೆಯ ಮನೆಯ ದೇವರ ಪಟ ಬಿದ್ದ ಮೇಲೆಯೇ ಬಿಟ್ಟು ಆಚೆ ಹೋದದ್ದು ತಿಳಿಯುತ್ತದೆ. ಹಗುರವಾದ ಮಾಂಡಣಿಗೆ, ಮೆಲ್ಲಗೆ ಕೊರೆದು, ತಲೆಗೆ ನಾಲ್ಕು ಆರು ಗಿಟ್ಟಿ ಹಾಕಿದರೆ ನಡೆಯುತ್ತದೆ. 75 ಕಿಲೋ ಕಪಾಟನ್ನು ಹೀಗೆ ತೂಗಹಾಕಬಾರದೆಂಬುದೇ ನಮ್ಮ ಮತ. ಹಾಕಲೇಬೇಕೆಂದರೆ ಗೋಡೆಯನ್ನು ದಾಟಿಸಿ ಬೋಲ್ಟು ಹಾಕಿ, ಆಚೆಯ ಕಡೆ ಅಂಗೈಯಗಲದ ಕಬ್ಬಿಣದ ತಗಡು ಕೊಟ್ಟು ನಟ್ಟು ಬಿಗಿಯಬೇಕು. ಆಗ ಭಾರ ಒಂದು ಇಟ್ಟಿಗೆಯ ಮೇಲೆ ಬೀಳದೆ ನಾಲ್ಕಾರು ಇಟ್ಟಿಗೆಗೆ ಹಂಚಿಹೋಗುತ್ತದೆ. ಆದರೆ ಆ ತಗಡು ಕಾಣುವುದು ನೆರೆಯವರ ಮನೆಯಲ್ಲಿ. ಅವರ ಒಪ್ಪಿಗೆ ಮೊದಲು, ಬೋಲ್ಟು ಆಮೇಲೆ. ಬಾಡಿಗೆ ಮನೆಯಾದರೆ ಮಾಲಿಕರನ್ನೂ ಕೇಳಬೇಕು. ಹನ್ನೊಂದು ತಿಂಗಳ ಕರಾರು ಮುಗಿದಾಗ ತೂತಿನ ಲೆಕ್ಕ ಠೇವಣಿಯಲ್ಲಿ ಕತ್ತರಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ.

ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಭಾರವನ್ನು ಗೋಡೆಗೆ ಕೊಡದೆ ನೆಲಕ್ಕೆ ಕೊಡುವುದು. ಕಬ್ಬಿಣದ ಕೋನಪಟ್ಟಿಯಿಂದ ನಾಲ್ಕು ಕಾಲು ಮಾಡಿಸಿ ಕಪಾಟನ್ನು ಅದರ ಮೇಲೆ ಕೂರಿಸಿರಿ. ತಲೆಗೆ ಎರಡು ಗಿಟ್ಟಿ ಹಾಕಿ ಗೋಡೆಗೆ ಕಟ್ಟಿದರೆ ಮಗುಚಿ ಬೀಳದು. ಆಗ ಗೋಡೆಯ ಕೆಲಸ ಹೊರುವುದಲ್ಲ, ಬರಿಯ ಕೈಹಿಡಿದು ನಿಲ್ಲಿಸುವುದು. ನೆಲದಲ್ಲಿ ಜಾಗವಿಲ್ಲವೆಂದರೆ ಒಲೆಕಟ್ಟೆಯ ಹಿಂಬದಿಯಲ್ಲಿ ಎರಡು ನಿಲುವುಪಟ್ಟಿ ನಿಲ್ಲಿಸಿ ಅವುಗಳ ಮೇಲೆ ಕಪಾಟಿಡಬಹುದು. ಕಟ್ಟೆಯ ಕಡಪಾ ಕಲ್ಲಿಗೆ ಕೆಳಗೆ ಎಲ್ಲಿ ಆಧಾರದ ಗೋಡೆಯಿದೆಯೋ ಅಲ್ಲಿಯೇ ಆ ನಿಲುವುಗಳು ಬರಬೇಕು; ಕಲ್ಲಿನ ನಟ್ಟನಡುವೆ ಇಟ್ಟರೆ ಕಲ್ಲು ಮುರಿಯುತ್ತದೆ. ಕೆಲವರು ಶಹಾಬಾದಿ ಫರಸಿಯನ್ನು ಗೋಡೆಯಲ್ಲಿ ಕೊರೆದು ಸೇರಿಸಿ ಶೆಲ್ಫು ಮಾಡುತ್ತಾರೆ. ಕಲಬುರ್ಗಿ ಜಿಲ್ಲೆಯ ನಮ್ಮದೇ ಕಲ್ಲು, ಅಭಿಮಾನ ಸಹಜ. ಒಂಬತ್ತಿಂಚಿನ ಗೋಡೆಯಾದರೆ ಮಾಡಿರಿ. ಅರ್ಧ ಇಟ್ಟಿಗೆಯ ಗೋಡೆಯನ್ನು ಉದ್ದಕ್ಕೂ ಕೊರೆದರೆ ಅದರ ನಡುವನ್ನೇ ಕತ್ತರಿಸಿದಂತೆ.

ಗಾವಠಾಣದ ಮಣ್ಣು ಕಲ್ಲಿನ ಗೋಡೆಗೆ ಏನನ್ನೂ ತೂಗಹಾಕಬೇಡಿರಿ. ಕಲ್ಲು ಎಷ್ಟೇ ಗಟ್ಟಿಯಿದ್ದರೂ ಕಲ್ಲಿಗೂ ಕಲ್ಲಿಗೂ ನಡುವೆ ಇರುವುದು ಮಣ್ಣು. 1961ರ ಜುಲೈ 12ರಂದು ಪಾನಶೇತ್ ಕಟ್ಟೆಯೊಡೆದು ಮುಠಾ ನದಿ ಪುಣೆಯ ಪೇಟೆಗಳಿಗೆ ನುಗ್ಗಿದಾಗ ಹಳೆಯ ವಾಡೆಗಳ ಮಣ್ಣಿನ ಗೋಡೆಗಳು ನೀರು ಕುಡಿದು ಕುಸಿದವು. ನೆರೆಯೇ ಬರಬೇಕೆಂದಿಲ್ಲ, ಬಚ್ಚಲ ಕಡೆಯಿಂದ ಹಬ್ಬುವ ಥಂಡಿಯೂ ನಿಧಾನವಾಗಿ ಅದೇ ಕೆಲಸವನ್ನು ಮಾಡುತ್ತದೆ. ಥಂಡಿ ಹಿಡಿದ ಗೋಡೆ ಯಾವ ಜಾತಿಯದಾದರೂ ಮೊದಲು ಸೋರಿಕೆ ನಿಲ್ಲಿಸಿ, ಒಣಗಿದ ಮೇಲೆಯೇ ಕೊರೆಯಬೇಕು. ತುಕ್ಕು ಹಿಡಿಯದ ಸ್ಕ್ರೂ ಕೇಳಿ ತನ್ನಿರಿ.

ಗೋಡೆ ಭದ್ರವಾಗಿದ್ದು ಕಪಾಟೇ ಹರಿದು ಬರುವುದೂ ಉಂಟು. ಕಪಾಟಿನ ಬೆನ್ನಿಗೆ ಕಾಲಂಗುಲದ ತೆಳು ಹಲಗೆ ಹೊಡೆದಿರುತ್ತಾರೆ. ಸ್ಕ್ರೂ ಅದರೊಳಗಿಂದ ಮಾತ್ರ ಹೋದರೆ, ಬೆನ್ನು ಗೋಡೆಯಲ್ಲಿ ಉಳಿದು ಪೆಟ್ಟಿಗೆ ಕೆಳಗೆ ಬರುತ್ತದೆ. ಬೆನ್ನಿನ ಮೇಲಂಚಿಗೆ ಮೂರು ನಾಲ್ಕು ಅಂಗುಲ ಅಗಲದ ದಪ್ಪ ಪಟ್ಟಿಯನ್ನು ಎರಡು ಪಕ್ಕದ ಹಲಗೆಗಳಿಗೂ ಮೇಲಿನ ಹಲಗೆಗೂ ಸೇರಿಸಿ ಬಿಗಿದಿರಬೇಕು. ಸ್ಕ್ರೂ ಆ ಪಟ್ಟಿಯ ಮೂಲಕ, ದೊಡ್ಡ ವಾಷರಿನೊಡನೆ ಹೋಗಬೇಕು. ಅಂಗಡಿಯಲ್ಲಿ ಕೊಳ್ಳುವಾಗ ಬಾಗಿಲಿನ ಹೊಳಪನ್ನು ಆಮೇಲೆ ನೋಡಿರಿ. ಮೊದಲು ಬೆನ್ನಿನ ಕಡೆ ತಿರುಗಿಸಿ ಈ ಪಟ್ಟಿ ಇದೆಯೇ ಎಂದು ನೋಡಿರಿ. ಮರದ ಪುಡಿಯನ್ನು ಒತ್ತಿ ಮಾಡಿದ ಅಗ್ಗದ ಹಲಗೆ ಅಡಿಗೆಮನೆಯ ಹಬೆಗೆ ಉಬ್ಬಿ ಸ್ಕ್ರೂವನ್ನು ಬಿಟ್ಟುಕೊಡುತ್ತದೆ, ಅಂಥದು ಬೇಡ.

ಇನ್ನೂ ಚೆನ್ನಾದ ಕೆಲಸ ಬೇಕೆಂದರೆ ಬಡಗಿಗೆ ಜೋಡಿಪಟ್ಟಿ ಮಾಡಲು ಹೇಳಿರಿ. ಒಂದು ದಪ್ಪ ಪಟ್ಟಿಯನ್ನು ಉದ್ದಕ್ಕೂ ಓರೆಯಾಗಿ ಸೀಳಿ, ಒಂದರ್ಧವನ್ನು ಗೋಡೆಗೆ, ಇನ್ನೊಂದರ್ಧವನ್ನು ಕಪಾಟಿನ ಬೆನ್ನಿಗೆ ಬಿಗಿದರೆ ಒಂದು ಇನ್ನೊಂದರ ಮೇಲೆ ಕೊಂಡಿಯಂತೆ ಕೂರುತ್ತದೆ. ಓರೆ ಗೋಡೆಯ ಕಡೆಗೇ ಇಳಿಯಬೇಕು. ಇದರಲ್ಲಿ ಎರಡು ಅನುಕೂಲ. ಗೋಡೆಯ ಪಟ್ಟಿಗೆ ಎಲ್ಲಿ ಗಟ್ಟಿ ಇಟ್ಟಿಗೆ ಸಿಗುತ್ತದೋ ಅಲ್ಲಿ ಆರೆಂಟು ಸ್ಕ್ರೂ ಹಾಕಬಹುದು. ಭಾರವಾದ ಕಪಾಟನ್ನು ಒಬ್ಬರು ಎತ್ತಿ ಹಿಡಿದು, ಇನ್ನೊಬ್ಬರು ತೂತು ಹುಡುಕುತ್ತ ಪರದಾಡುವ ಕಷ್ಟವೂ ಇಲ್ಲ.

ಹಾಕಿದ ದಿನವೇ ತುಂಬಬೇಡಿರಿ. 50 ಕಿಲೋ ಸಾಮಾನಿಡುವ ಕಪಾಟಿಗೆ 25 ಕಿಲೋದ ಮೂರು ಅಕ್ಕಿಚೀಲಗಳನ್ನು ಹಂಚಿ ಇಟ್ಟು ಒಂದು ರಾತ್ರಿ ಬಿಡಿರಿ. ಆ ರಾತ್ರಿ ಅದರ ಕೆಳಗೆ ಯಾರೂ ಮಲಗಬಾರದು. ಬೆಳಿಗ್ಗೆ ಕಪಾಟಿನ ತಲೆಗೂ ಗೋಡೆಗೂ ನಡುವೆ ಒಂದು ನೋಟನ್ನು ತೂರಿಸಿ ನೋಡಿರಿ. ನಿನ್ನೆ ಹೋಗದಿದ್ದ ನೋಟು ಇಂದು ಹೋದರೆ ಇಳಿಸಿಬಿಡಿರಿ. ಪರೀಕ್ಷೆಯಲ್ಲಿ ಗೆದ್ದ ಕಪಾಟನ್ನೂ ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ತೊಳೆಯುವಾಗ, ಹೀಗೆಯೇ ನೋಡಬೇಕು. ಕಟ್ಟೆಯ ಮೇಲೆ ಆಗಾಗ ಬಿಳಿ ಪುಡಿ ಉದುರಿರುವುದು, ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಉಜ್ಜತೊಡಗುವುದು, ಇವು ಮುನ್ಸೂಚನೆ. ಇವನ್ನು ಮೊದಲು ಕಾಣುವವರು ಮನೆಯ ತಾಯಂದಿರು. ಅವರು ಹೇಳಿದಾಗ ನಾಳೆ ನೋಡೋಣವೆನ್ನಬೇಡಿರಿ.

ಇಷ್ಟೆಲ್ಲ ಮಾಡಿದಮೇಲೂ ಹಾಸಿಗೆಯ ತಲೆದೆಸೆಯ ಗೋಡೆಗೆ ಮಾತ್ರ ಕಪಾಟು ಬೇಡ. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪವೂ 1993ರ ಸಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವೂ ನಸುಕಿನಲ್ಲಿ, ಜನ ಮಲಗಿದ್ದಾಗಲೇ ಬಂದವು. ಕೊಯ್ನಾದ್ದು ಪುಣೆಯನ್ನೂ ನಡುಗಿಸಿತು. ಖೋಲಿ ಎಷ್ಟೇ ಚಿಕ್ಕದಾಗಿರಲಿ, ಚಾಪೆಯ ದಿಕ್ಕನ್ನು ಬದಲಿಸಿ ತಲೆಯ ಕಡೆಯನ್ನು ಬರಿಯ ಗೋಡೆಗೆ ಮಾಡಿಕೊಳ್ಳಲು ಕಾಸು ಖರ್ಚಿಲ್ಲ. ಹೋಟೆಲಿನಲ್ಲಿಯೇ ಮಲಗುವ ಹುಡುಗರಿಗೂ ಇದೇ ಮಾತು. ಭಟ್ಟಿಕೋಣೆಯಲ್ಲಿ ಪಾತೇಲೆಗಳ ಹಲಗೆಯ ಕೆಳಗೆ ಬೆಚ್ಚಗಿರುತ್ತದೆಂದು ಮಲಗುತ್ತಾರೆ. ಅಲ್ಲಿಯ ಹಿರಿಯರು ಅವರನ್ನು ಎಬ್ಬಿಸಿ ಈಚೆ ಮಲಗಿಸಬೇಕು.

ನಮ್ಮೊಡನೆ ಬಂದಿರುವ ಗವಂಡಿ ಅಣ್ಣನವರು ಈಗ ಈ ಸಭಾಗೃಹದ ಹಿಂದಿನ ಗೋಡೆಯಲ್ಲಿ ಮೂರು ಕಡೆ ಸಣ್ಣ ತೂತು ಕೊರೆದು ತೋರಿಸುತ್ತಾರೆ. ಒಂದು ಇಟ್ಟಿಗೆಯಲ್ಲಿ, ಒಂದು ಸಂದಿನಲ್ಲಿ, ಒಂದು ಕಂಬದಲ್ಲಿ. ಗೃಹದವರ ಅಪ್ಪಣೆ ಪಡೆದಿದ್ದೇವೆ, ತೂತು ಮುಚ್ಚಲು ಸಿಮೆಂಟೂ ತಂದಿದ್ದೇವೆ. ಪುಡಿಯನ್ನು ಕೈಯಲ್ಲಿ ಹಿಡಿದು ನೋಡಬೇಕೆನ್ನುವವರು ಮುಂದೆ ಬನ್ನಿರಿ. ಮಕ್ಕಳನ್ನು ಸ್ವಲ್ಪ ಹಿಂದಕ್ಕೆ ಕೂರಿಸಿರಿ.